ಕೆರೆಯ ಜೀರ್ಣೋದ್ಧಾರಕ್ಕೆ ಹಣ ಕೂಡಿಸುವ ಕ್ರಮ

(ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಜಮೀನುದಾರರ ಮತ್ತು ಗ್ರಾಮ ಮುಖಂಡರ ಉಪಯೋಗಕ್ಕಾಗಿ)

೧. ಪೀಠಿಕೆ

ಹಾಸನ ಜಿಲ್ಲೆಯ ಪಶ್ಚಿಮ ಭಾಗವು ಮಲೆನಾಡು. ಪೂರ್ವ ಭಾಗವು ಬಯಲುಸೀಮೆ. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಗಳಲ್ಲಿ ಕಾಫಿ ತೋಟಗಳಿಗೆ ಸಾಲುವಷ್ಟು ಮಳೆಯಾಗುವುದು. ಅಲ್ಲಿಂದ ಪೂರ್ವಕ್ಕೆ ಹೊರಟು ಹಳೇಬೀಡನ್ನು ದಾಟಿ ಜಾವಗಲ್, ಬಾಣಾವರ, ಅರಸೀಕೆರೆಗಳಿಗೆ ಬರುವಷ್ಟರಲ್ಲಿ ಮಳೆಯು ಕಡಮೆಯಾಗುತ್ತ ಬಂದು, ರಾಗಿಯೂ ತೆಂಗೂ ರೈತನ ಮುಖ್ಯ ಆಧಾರಗಳಾಗುವುವು. ಈ ಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆಗಾಲದಲ್ಲಿ ಹಳ್ಳಗಳಲ್ಲಿ ಹರಿದುಬಂದ ನೀರನ್ನು ಕೆರೆಕಟ್ಟೆಗಳಲ್ಲಿ ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ರಾಗಿಯ ಬೆಳೆಯು ಒಂದು ವರ್ಷ ಕೆಟ್ಟರೆ ಮರುವರ್ಷ ಬೆಳೆದುಕೊಳ್ಳಬಹುದು. ತೆಂಗಿನ ಮರ ಒಣಗಿದರೆ ಹಾಗಲ್ಲ. ಹೊಸದಾಗಿ ನೆಟ್ಟ ಸಸಿಯು ಫಲಕ್ಕೆ ಬರಲು ಆರೇಳು ವರ್ಷಗಳಾದರೂ ಬೇಕು. ತಂದೆಯ ಕಾಲದ ತೋಟವು ಎರಡು ಬೇಸಗೆಗಳಲ್ಲಿ ಹೋದರೆ ಮಗನ ಅರ್ಧ ಆಯುಷ್ಯವು ಅದನ್ನು ಮತ್ತೆ ಕಟ್ಟುವುದರಲ್ಲಿಯೇ ಕಳೆಯುವುದು. ಆದ್ದರಿಂದ ಕೆರೆಯ ವಿಷಯವು ಈ ಸೀಮೆಯಲ್ಲಿ ಕೇವಲ ಗದ್ದೆಯ ವಿಷಯವಲ್ಲ. ಮನೆತನಗಳು ನಿಲ್ಲುವ ಅಥವಾ ಊರು ಬಿಡುವ ವಿಷಯವಾಗಿರುವುದು.

ಕೆರೆಯನ್ನು ಸರಿಪಡಿಸಬೇಕೆಂಬುದನ್ನು ಒಪ್ಪದವರಿಲ್ಲ. ಹಣ ಎಲ್ಲಿಂದ, ಯಾರು ಎಷ್ಟು ಕೊಡಬೇಕು ಎಂಬ ಮಾತು ಬಂದೊಡನೆ ಸಭೆಯು ಚದರುವುದು. ಈ ಕರಪತ್ರದಲ್ಲಿ ಆ ಒಂದು ಪ್ರಶ್ನೆಯನ್ನೇ ಮುಖ್ಯವಾಗಿ ವಿಚಾರಮಾಡಿದೆ.

೨. ಹಿಂದಿನವರ ಏರ್ಪಾಡು

ಈ ಸೀಮೆಯ ಊರುಗಳ ಹೆಸರಿನಲ್ಲಿಯೇ ಕೆರೆಗಳಿವೆ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿಗೆ ದೋರಸಮುದ್ರವೆಂಬ ಹೆಸರು ಬಂದದ್ದು ಅಲ್ಲಿಯ ಕೆರೆಯಿಂದ. ಬೇಲೂರಿನಲ್ಲಿ ವಿಷ್ಣುಸಮುದ್ರ ಉಂಟು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ. ಅಂಥ ದೇವಾಲಯಗಳನ್ನು ಕಟ್ಟಿದ ಕಾಲದವರು ಕೆರೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಕಟ್ಟಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, ೨೭,೨೬೯ ಚದರ ಮೈಲಿಗಳ ಮೈಸೂರು ಸೀಮೆಯಲ್ಲಿ ನೂರಕ್ಕೆ ಸುಮಾರು ೬೦ ಪಾಲು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂದು ಲೆಕ್ಕ ಹಾಕಿದ್ದರು.

ಇಷ್ಟು ಕೆರೆಗಳನ್ನು ಕಟ್ಟಿದವರು ಅವುಗಳ ಖರ್ಚಿಗೂ ದಾರಿಯನ್ನು ಮಾಡಿಟ್ಟಿದ್ದರು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ನೋಡಿಕೊಳ್ಳುವವನಿಗೆ ಅದರ ಕೆಳಗೆ ಕಂದಾಯವಿಲ್ಲದ ಭೂಮಿಯನ್ನು ಬಿಡುತ್ತಿದ್ದರು. ಇದಕ್ಕೆ ಕಟ್ಟುಕೊಡಗೆಯೆಂದು ಹೆಸರು. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ದಶವಂದ ಎಂಬ ಮಾತುಗಳೂ ಕೆರೆಯ ಸಂರಕ್ಷಣೆಗೆ ಸಂಬಂಧಪಟ್ಟವು. ನೀರು ಬಿಡುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಇವೆಲ್ಲದರ ತಾತ್ಪರ್ಯ ಒಂದೇ: ಕೆರೆಯಿಂದ ಹುಟ್ಟಿದ ಲಾಭದಲ್ಲಿ ಒಂದು ಪಾಲು ಪ್ರತಿ ವರ್ಷವೂ ಕೆರೆಗೇ ಹಿಂದಿರುಗಬೇಕು.

ಮುಂದೆ ೧೯೧೧ರಲ್ಲಿ ಮೈಸೂರು ಸರ್ಕಾರದವರು ಕೆರೆ ಪಂಚಾಯಿತಿಗಳ ಕಾಯಿದೆಯನ್ನು ಮಾಡಿ, ರೈತರೇ ಕೂಡಿ ತಮ್ಮ ಕೆರೆಗಳ ಜೀರ್ಣೋದ್ಧಾರವನ್ನೂ ನಿರ್ವಹಣೆಯನ್ನೂ ನೋಡಿಕೊಳ್ಳಲು ಮಾರ್ಗವನ್ನು ಕಲ್ಪಿಸಿದರು. ಕಾಲಕ್ರಮದಲ್ಲಿ ಕೊಡಗೆ ಭೂಮಿಗಳು ಬೇರೆ ಕೈಗಳಿಗೆ ಹೋದುವು. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳೂ ರದ್ದಾದುವು. ಹಳೆಯ ಏರ್ಪಾಡು ಹೋಯಿತು. ಅದರ ಸ್ಥಾನದಲ್ಲಿ ಗ್ರಾಮದವರು ಹೊಸದೊಂದನ್ನು ಕಟ್ಟಿಕೊಳ್ಳಲಿಲ್ಲ. ಏರಿಯ ಮೇಲೆ ಜಾಲಿ ಬೆಳೆಯಿತು, ತೂಬು ಸೋರಿತು, ಕಾಲುವೆ ಮುಚ್ಚಿತು, ಹೂಳು ತುಂಬಿತು.

೩. ಈಗ ಕೆರೆಯಿಂದ ಲಾಭ ಹೊಂದುವವರು ಯಾರು?

ಹಣ ಕೂಡಿಸುವ ಮುಂಚೆ ಇದನ್ನು ಚೆನ್ನಾಗಿ ತಿಳಿಯಬೇಕು. ಹಿಂದೆ ಕೆರೆಯ ಪ್ರಯೋಜನವೆಲ್ಲ ಅಚ್ಚುಕಟ್ಟಿನ ಗದ್ದೆಗಳಿಗೆ ಸೇರುತ್ತಿತ್ತು. ಆದ್ದರಿಂದ ಅಚ್ಚುಕಟ್ಟುದಾರರ ಪಟ್ಟಿಯೇ ವಂತಿಗೆಯ ಪಟ್ಟಿಯಾಗಿತ್ತು. ಈಗ ಆ ಸ್ಥಿತಿಯಿಲ್ಲ. ತೂಬಿನಿಂದ ನೀರು ಹರಿಯುವ ವರ್ಷಗಳು ಅಪರೂಪವಾಗಿವೆ. ಕೆರೆಯಲ್ಲಿ ನಿಂತ ನೀರು ನೆಲದೊಳಕ್ಕೆ ಇಳಿದು ಸುತ್ತಲಿನ ಕೊಳವೆ ಬಾವಿಗಳಿಗೆ ಸೇರುವುದು. ಆ ಬಾವಿಗಳಿಂದ ತೆಂಗಿನ ತೋಟಗಳು ಬದುಕುವುವು. ತೋಟದ ಯಜಮಾನನು ಅಚ್ಚುಕಟ್ಟಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಆದರೆ ಕೆರೆ ತುಂಬಿದ ವರ್ಷ ಅವನ ಬಾವಿಯಲ್ಲಿ ನೀರು ಏರುವುದನ್ನೂ, ಒಣಗಿದ ವರ್ಷ ಇಳಿಯುವುದನ್ನೂ ಅವನೇ ಬಲ್ಲನು.

ಆದ್ದರಿಂದ ಹಳೆಯ ಪಟ್ಟಿಯೊಂದನ್ನೇ ಹಿಡಿದು ವಂತಿಗೆ ಎತ್ತಿದರೆ ಲಾಭವಿಲ್ಲದ ಗದ್ದೆಯವನು ಕೊಡುವನು, ಲಾಭ ಹೊಂದುವ ತೋಟದವನು ತಪ್ಪಿಸಿಕೊಳ್ಳುವನು. ಇದರಿಂದಲೇ ಅನೇಕ ಕಡೆ ವ್ಯಾಜ್ಯ ಹುಟ್ಟುವುದು. ಹೊಸ ಪಟ್ಟಿಯಲ್ಲಿ ಈ ಐದು ವರ್ಗದವರು ಇರತಕ್ಕದ್ದು:

(ಅ) ಅಚ್ಚುಕಟ್ಟಿನ ಜಮೀನುದಾರರು.
(ಆ) ಕೆರೆಯ ಸುತ್ತಲೂ ಕೆಳಗೂ, ಗ್ರಾಮಸಭೆಯು ನಿಶ್ಚಯಿಸಿದ ಎಲ್ಲೆಯೊಳಗೆ, ಕೊಳವೆ ಬಾವಿಗಳನ್ನು ಹೊಂದಿರುವವರು.
(ಇ) ಹೂಳನ್ನು ತಮ್ಮ ಹೊಲತೋಟಗಳಿಗೆ ಹೊಡೆದುಕೊಳ್ಳುವವರು.
(ಈ) ಕುಡಿಯುವ ನೀರಿಗೂ ದನಕರುಗಳಿಗೂ ಕೆರೆಯನ್ನು ಅಥವಾ ಅದರ ಕೆಳಗಿನ ಬಾವಿಯನ್ನು ನೆಚ್ಚಿರುವ ಮನೆಯವರು.
(ಉ) ಮೀನು ಸಾಕುವ ಗುತ್ತಿಗೆದಾರರು.

೪. ಮೊದಲು ಅಳತೆ, ಅನಂತರ ಅಂದಾಜು

ಅಳತೆಯಿಲ್ಲದೆ ಹಣ ಕೂಡಿಸತಕ್ಕದ್ದಲ್ಲ. ತಾಲ್ಲೂಕು ಭೂಮಾಪನ ಕಚೇರಿಯವರಿಂದ ಕೆರೆಯ ಹದ್ದುಬಸ್ತನ್ನು ಮಾಡಿಸಿ ಕಲ್ಲುಗಳನ್ನು ನೆಡಿಸಬೇಕು. ಒತ್ತುವರಿಯಿದ್ದರೆ ಅದನ್ನು ಆಗಲೇ ಬಿಡಿಸಬೇಕು. ಹೂಳೆತ್ತಿದ ಮೇಲೆ ಬಿಡಿಸುವುದು ಕಷ್ಟ. ಅನಂತರ ಏರಿ, ತೂಬು, ಕೋಡಿ, ನೀರು ಬರುವ ಹಳ್ಳ ಮತ್ತು ಕಾಲುವೆ, ಹೂಳಿನ ಆಳ ಇವುಗಳನ್ನು ನೋಡಿ ಪಂಚರ ಎದುರಿಗೆ ಮಹಜರನ್ನು ಬರೆಯಿಸಬೇಕು.

ಕೆಲಸದ ಕ್ರಮವೂ ಮುಖ್ಯವಾದದ್ದು. ನೀರು ಬರುವ ದಾರಿ ಮೊದಲು, ಕೋಡಿಯೂ ಏರಿಯೂ ಎರಡನೆಯದು, ತೂಬು ಮೂರನೆಯದು, ಹೂಳು ಕೊನೆಯದು. ಕಾಲುವೆ ಮುಚ್ಚಿಹೋಗಿರುವ ಕೆರೆಯ ಹೂಳನ್ನೆತ್ತಿದರೆ ಒಣಗಿದ ಗುಂಡಿ ದೊಡ್ಡದಾಗುವುದೇ ಹೊರತು ನೀರು ಬಾರದು.

ಹೂಳಿನ ಲೆಕ್ಕವನ್ನು ರೈತರೇ ಮಾಡಬಹುದು. ಒಂದು ಎಕರೆಯಲ್ಲಿ ಒಂದು ಅಡಿ ಆಳದ ಮಣ್ಣು ತೆಗೆದರೆ ೪೩,೫೬೦ ಘನ ಅಡಿಗಳ ಸ್ಥಳವಾಗುವುದು. ಅದರಲ್ಲಿ ಸುಮಾರು ೧೨ ಲಕ್ಷ ೩೩ ಸಾವಿರ ಲೀಟರು ನೀರು ಹಿಡಿಯುವುದು. ೨೦೧೯ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಗ್ರಾಮದ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರೆಂದು ನಿಗದಿಮಾಡಿದರು. ಆ ಲೆಕ್ಕದಂತೆ ಐದು ಎಕರೆಯಲ್ಲಿ ಒಂದು ಅಡಿ ಹೂಳೆತ್ತಿದರೆ ಹೆಚ್ಚಾಗಿ ಹಿಡಿಯುವ ನೀರು ಸುಮಾರು ೩೦೦ ಮಂದಿಗೆ ಒಂದು ವರ್ಷ ಸಾಲುವಷ್ಟು. ಬಿಸಿಲಿಗೆ ಆರುವ ಭಾಗವನ್ನು ಇದರಲ್ಲಿ ಕಳೆಯಬೇಕು, ನಿಜ. ಆದರೆ ಕೆರೆ ತುಂಬಿದಾಗಲೆಲ್ಲ ಈ ಲಾಭವು ಮತ್ತೆ ಮತ್ತೆ ದೊರೆಯುವುದೆಂಬುದನ್ನೂ ಕೂಡಿಸಬೇಕು.

ಎಚ್ಚರಿಕೆ: ಏರಿಯ ಬುಡದಲ್ಲಿ ಅಗೆಯಕೂಡದು. ಅಲ್ಲಲ್ಲಿ ಆಳವಾದ ಗುಂಡಿಗಳನ್ನು ತೋಡಕೂಡದು. ದನಕರುಗಳಿಗೂ ಮಕ್ಕಳಿಗೂ ಅಪಾಯ. ಹೂಳು ಮುಗಿದು ಗಟ್ಟಿ ನೆಲ ಸಿಕ್ಕಿದೊಡನೆ ನಿಲ್ಲಿಸಬೇಕು. ಮಣ್ಣನ್ನು ಇಟ್ಟಿಗೆ ಗೂಡುಗಳಿಗೆ ಮಾರಲು ಬಿಡಕೂಡದು.

೫. ಪಾಲು ಹಂಚುವ ಕ್ರಮ

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ಮಾದರಿಗಾಗಿ ಮಾತ್ರ. ಪ್ರತಿ ಗ್ರಾಮದವರೂ ತಮ್ಮ ಅಂದಾಜಿನಂತೆ ಬದಲಾಯಿಸಿಕೊಳ್ಳತಕ್ಕದ್ದು. ಒಂದು ಕೆರೆಗೆ ೬೦ ಎಕರೆ ಅಚ್ಚುಕಟ್ಟು. ಎಲ್ಲೆಯೊಳಗೆ ೪೦ ಕೊಳವೆ ಬಾವಿಗಳು. ಗ್ರಾಮದಲ್ಲಿ ೨೦೦ ಮನೆಗಳು. ಕಾಲುವೆ, ಏರಿ, ತೂಬುಗಳ ದುರಸ್ತಿಗೂ ಐದು ಎಕರೆಯ ಹೂಳಿಗೂ ಸೇರಿ ಅಂದಾಜು ೧೨,೦೦,೦೦೦ ರೂಪಾಯಿ. ಇದರಲ್ಲಿ ಮೂರನೆಯ ಒಂದು ಭಾಗ, ಎಂದರೆ ೪,೦೦,೦೦೦ ರೂಪಾಯಿಗಳನ್ನು ಗ್ರಾಮದವರು ಕೂಡಿಸುವುದೆಂದೂ ಉಳಿದದ್ದನ್ನು ಸರ್ಕಾರದ ಅನುದಾನದಿಂದ ಕೇಳುವುದೆಂದೂ ಭಾವಿಸೋಣ.

ಅಚ್ಚುಕಟ್ಟು ೬೦ ಎಕರೆಗೆ, ಎಕರೆಗೆ ೨,೦೦೦ರಂತೆ: ೧,೨೦,೦೦೦
ಕೊಳವೆ ಬಾವಿ ೪೦ಕ್ಕೆ, ಒಂದಕ್ಕೆ ೪,೦೦೦ರಂತೆ: ೧,೬೦,೦೦೦
ಹೂಳು ೨,೦೦೦ ಗಾಡಿಗೆ, ಗಾಡಿಗೆ ೫೦ರಂತೆ: ೧,೦೦,೦೦೦
ಮನೆ ೨೦೦ಕ್ಕೆ, ಮನೆಗೆ ೧೦೦ರಂತೆ: ೨೦,೦೦೦
ಒಟ್ಟು: ೪,೦೦,೦೦೦

ಹೂಳಿನ ಬಾಬನ್ನು ವಿವರಿಸಬೇಕು. ಐದು ಎಕರೆಯಲ್ಲಿ ಒಂದು ಅಡಿ ಎಂದರೆ ೨,೧೭,೮೦೦ ಘನ ಅಡಿ; ಒಂದು ಟ್ರ್ಯಾಕ್ಟರ್ ಗಾಡಿಗೆ ನೂರು ಘನ ಅಡಿಯೆಂದಿಟ್ಟುಕೊಂಡರೆ ೨,೦೦೦ ಗಾಡಿಗಳಿಗೆ ಮೇಲ್ಪಟ್ಟು ಆಗುವುದು. ಅಗೆದು ತುಂಬುವ ಖರ್ಚು ಸಂಘದ್ದು. ಸಾಗಿಸುವ ಖರ್ಚು ಮಣ್ಣನ್ನು ಒಯ್ಯುವ ರೈತನದು. ಗಾಡಿಗೆ ಕೊಡುವ ಹಣವು ಮಣ್ಣಿನ ಬೆಲೆಯಲ್ಲ. ಅಗೆತದ ಖರ್ಚಿನಲ್ಲಿ ಅವನ ಪಾಲು. ಇದಕ್ಕೆ ಕೆರೆಯ ಆಡಳಿತ ಯಾರದೋ ಅವರ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು. ಕೆರೆಗೋಡು ಕೆಮ್ಮಣ್ಣು ಮರಳುಮಣ್ಣುಗಳಿಗೆ ಒಳ್ಳೆಯದು, ತೇವವನ್ನು ಹಿಡಿದಿಡುವುದು. ಜಿಗುಟಾದ ಕಪ್ಪು ಭೂಮಿಗೆ ಹೊಡೆಯುವುದರಲ್ಲಿ ಅಷ್ಟು ಪ್ರಯೋಜನವಿಲ್ಲ. ಚೌಳಿನ ಅಂಶವಿರುವ ಹೂಳನ್ನು ಪರೀಕ್ಷೆ ಮಾಡಿಸದೆ ಉಪಯೋಗಿಸಕೂಡದು.

ವಂತಿಗೆಯನ್ನು ಒಂದೇ ಸಲ ಕೇಳದೆ ಎರಡು ಕಂತುಗಳಲ್ಲಿ ಎತ್ತುವುದು ಮೇಲು. ರಾಗಿ ಕೊಯ್ಲಾದ ಮೇಲೆ ಒಂದು. ಕೊಬ್ಬರಿ ಮಾರಿದ ಮೇಲೆ ಒಂದು. ಕೈಯಲ್ಲಿ ಹಣವಿರುವಾಗ ಕೊಡುವ ನೂರು, ಇಲ್ಲದಿರುವಾಗ ಕೊಡುವ ಹತ್ತಕ್ಕಿಂತ ಹಗುರ. ಕೆರೆಯ ಕೆಲಸಕ್ಕೂ ಮಾಘದಿಂದ ವೈಶಾಖದವರೆಗಿನ ಒಣಗಾಲವೇ ತಕ್ಕದ್ದಾದ್ದರಿಂದ ಹಣ ಬರುವ ಕಾಲವೂ ಕೆಲಸದ ಕಾಲವೂ ಹೊಂದಿಕೊಳ್ಳುವುವು.

೬. ಭೂಮಿಯಿಲ್ಲದವರ ವಿಷಯ

ಭೂಮಿಯಿಲ್ಲದ ಮನೆಯವರಿಂದ ನೀರಾವರಿಯ ಬಾಬಿಗೆ ಏನನ್ನೂ ಕೇಳತಕ್ಕದ್ದಲ್ಲ. ಮನೆಯ ವಂತಿಗೆಯನ್ನು ಸಹ ಅವರು ಹಣದಲ್ಲಿ ಕೊಡಲಾರದಿದ್ದರೆ ಒಂದು ದಿನದ ಕೆಲಸವನ್ನು ಅದಕ್ಕೆ ಸಮವೆಂದು ಎಣಿಸಿ, ದಿನಗೂಲಿಯಲ್ಲಿ ಮಿಕ್ಕ ಹಣವನ್ನು ಅವರಿಗೆ ಕೊಡಬೇಕು. ಕೆರೆಯ ಕೆಲಸವೆಂದು ಹೇಳಿ ಬಿಟ್ಟಿ ಮಾಡಿಸುವುದು ಅನ್ಯಾಯ. ಹಣ ಕೊಡಲಿಲ್ಲವೆಂಬ ಕಾರಣಕ್ಕೆ ಕುಡಿಯುವ ನೀರನ್ನಾಗಲಿ ದನಗಳಿಗೆ ನೀರನ್ನಾಗಲಿ ಯಾರಿಗೂ ತಡೆಯಕೂಡದು. ಯಾವ ಜಾತಿಯವರಿಗೂ ಕೆರೆಯ ಯಾವ ಸೋಪಾನವನ್ನೂ ಮುಚ್ಚಕೂಡದು. ನೀರು ತೂಬಿನ ಮಟ್ಟಕ್ಕೆ ಇಳಿದ ಮೇಲೆ ಯಂತ್ರವಿಟ್ಟು ತೋಟಕ್ಕೆ ಎತ್ತುವುದನ್ನು ನಿಲ್ಲಿಸಿ, ಉಳಿದದ್ದನ್ನು ದನಕರುಗಳಿಗೆಂದು ಕಾದಿಡಬೇಕು. ಈ ನಿಯಮವನ್ನು ನಿರ್ಣಯ ಪುಸ್ತಕದಲ್ಲಿ ಮೊದಲೇ ಬರೆದಿಡತಕ್ಕದ್ದು.

೭. ಸರ್ಕಾರದ ಹಣ

ಅರ್ಜಿಯನ್ನು ಬರೆಯುವ ಮುಂಚೆ ಕೆರೆ ಯಾರ ಆಡಳಿತಕ್ಕೆ ಸೇರಿದೆಯೆಂದು ವಿಚಾರಿಸಬೇಕು. ಕರ್ನಾಟಕದಲ್ಲಿ ೪೦ ಹೆಕ್ಟೇರುಗಳವರೆಗೆ, ಎಂದರೆ ಸುಮಾರು ೧೦೦ ಎಕರೆಗಳವರೆಗೆ, ಅಚ್ಚುಕಟ್ಟಿರುವ ಕೆರೆಗಳು ಪಂಚಾಯಿತಿ ಸಂಸ್ಥೆಗಳಿಗೂ, ಅದಕ್ಕೆ ಮೇಲ್ಪಟ್ಟವು ಸಣ್ಣ ನೀರಾವರಿ ಇಲಾಖೆಗೂ ಸೇರುವುದು ವಾಡಿಕೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿಯಿಂದ ಒಂದು ಬೇಸಗೆ ವ್ಯರ್ಥವಾಗುವುದು.

ಹಣವು ಅನೇಕ ಬಾಬುಗಳಿಂದ ಬಂದಿರುವುದುಂಟು. ೨೦೦೫ರ ಉದ್ಯೋಗ ಖಾತರಿ ಕಾಯಿದೆಯ ಕಾಲದಲ್ಲಿ ಕೂಲಿಯ ಬಾಬಿನಿಂದ ಹೂಳೆತ್ತುವ ಕೆಲಸಗಳು ನಡೆದುವು. ಅದರಲ್ಲಿ ಕೂಲಿಗೆ ೬೦, ಸಾಮಾನಿಗೆ ೪೦ ಎಂಬ ಪ್ರಮಾಣವಿತ್ತು. ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗೆ ಗ್ರಾಮೀಣ ಸಂಸ್ಥೆಗಳಿಗೆ ಕೊಡಿಸಿದ ಅನುದಾನದಲ್ಲಿ ನೂರಕ್ಕೆ ೬೦ ಪಾಲನ್ನು ನೀರಿಗೂ ನೈರ್ಮಲ್ಯಕ್ಕೂ ಮೀಸಲಿಟ್ಟು, ಅದರಲ್ಲಿ ಅರ್ಧವನ್ನು ಕುಡಿಯುವ ನೀರು, ಮಳೆನೀರಿನ ಸಂಗ್ರಹ ಮೊದಲಾದುವುಗಳಿಗೆ ಗೊತ್ತುಮಾಡಿತ್ತು. ೨೦೨೨ರ ಏಪ್ರಿಲ್ ೨೪ರಂದು ಆರಂಭವಾದ ಅಮೃತ ಸರೋವರ ಕಾರ್ಯದಲ್ಲಿ ಜಿಲ್ಲೆಗೆ ೭೫ ಕೆರೆಕಟ್ಟೆಗಳನ್ನು ಗುರಿಯಾಗಿಟ್ಟರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಮ್ಮೂರು ನಮ್ಮ ಕೆರೆ ಎಂಬ ಹೆಸರಿನಲ್ಲಿ ಗ್ರಾಮದವರೊಡನೆ ಕೂಡಿ ಕೆರೆಗಳ ಕೆಲಸ ಮಾಡಿಸಿದ್ದಾರೆ. ಯೋಜನೆಗಳ ಹೆಸರುಗಳು ಬದಲಾಗುತ್ತಿರುವುವು. ಅಳತೆ, ಮಹಜರು, ಅಂದಾಜು, ಗ್ರಾಮಸಭೆಯ ನಿರ್ಣಯ, ಪಾಲಿನ ಹಣ ಈ ಐದೂ ಸಿದ್ಧವಿರುವ ಗ್ರಾಮವು ಯಾವ ಯೋಜನೆ ಬಂದಾಗಲೂ ಮೊದಲನೆಯ ಸಾಲಿನಲ್ಲಿ ನಿಲ್ಲುವುದು.

ಹೊಳೆಯ ನೀರು ಬರುವುದಲ್ಲಾ, ಕೆರೆಯ ಚಿಂತೆಯೇಕೆ ಎಂದು ಕೆಲವರು ಹೇಳುವರು. ಎತ್ತಿನಹೊಳೆ ಯೋಜನೆಯ ಮೊದಲ ಹಂತವು ೨೦೨೪ನೆಯ ಸೆಪ್ಟೆಂಬರ್ ೬ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕಡೆಗೆ ತರಬೇಕೆಂದು ಅಲ್ಲಿಯ ರೈತರು ಬಹುಕಾಲ ಹೋರಾಡಿದ್ದಾರೆ. ಆದರೆ ಹೊಳೆಯ ನೀರು ಬಂದರೂ ಅದು ನಿಲ್ಲತಕ್ಕದ್ದು ಕೆರೆಯಲ್ಲಿಯೇ. ಒಡೆದ ಪಾತ್ರೆಗೆ ಎಷ್ಟು ಹಾಲು ಕರೆದರೇನು?

೮. ಬೇರೆ ಸೀಮೆಗಳ ದೃಷ್ಟಾಂತ

ರಾಜಸ್ಥಾನದ ಆಳ್ವಾರ್ ಜಿಲ್ಲೆಯು ನಮ್ಮದಕ್ಕಿಂತ ಒಣಸೀಮೆ. ಅಲ್ಲಿಯ ಗೋಪಾಲಪುರದಲ್ಲಿ ೧೯೮೫ರಿಂದ ಗ್ರಾಮದವರು ತರುಣ ಭಾರತ ಸಂಘದ ಪ್ರೇರಣೆಯಿಂದ ಜೋಹಡ್ ಎಂಬ ಮಣ್ಣಿನ ಕಟ್ಟೆಗಳನ್ನು ಮತ್ತೆ ಕಟ್ಟಿದರು. ಖರ್ಚಿನ ಒಂದು ಪಾಲನ್ನು ತಮ್ಮ ಶ್ರಮದಿಂದಲೇ ತುಂಬಿದರು. ನೆರೆಯ ಹಳ್ಳಿಗಳೂ ಹಾಗೆಯೇ ಮಾಡಿದುವು; ಬತ್ತಿದ್ದ ಬಾವಿಗಳಲ್ಲಿ ನೀರು ಕಂಡಿತು. ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮದವರು ನೀರನ್ನು ಹಿಡಿದಿಡುವುದರ ಜೊತೆಗೆ, ಪ್ರತಿ ವರ್ಷ ಮಳೆಯನ್ನೂ ಬಾವಿಗಳನ್ನೂ ಅಳೆದು, ಇರುವ ನೀರಿಗೆ ತಕ್ಕ ಬೆಳೆಯನ್ನು ಗ್ರಾಮಸಭೆಯಲ್ಲಿ ಗೊತ್ತುಮಾಡಿಕೊಂಡರು. ಇವೆರಡರಿಂದ ತಿಳಿಯುವುದೇನೆಂದರೆ, ತನ್ನ ಪಾಲನ್ನು ಹಾಕಿದವನು ಕೆಲಸವನ್ನು ಕಾಯುವನು. ಮತ್ತು ನೀರನ್ನು ಕೂಡಿಡುವುದರೊಡನೆ ವೆಚ್ಚಕ್ಕೂ ಮಿತಿ ಇಡದಿದ್ದರೆ ಕೂಡಿಟ್ಟದ್ದು ಉಳಿಯದು.

೯. ಲೆಕ್ಕಪತ್ರ

ಹಣದ ವಿಷಯದಲ್ಲಿ ಒಮ್ಮೆ ಸಂಶಯ ಹುಟ್ಟಿದರೆ ಇಪ್ಪತ್ತು ವರ್ಷ ಆ ಊರಿನಲ್ಲಿ ವಂತಿಗೆ ಏಳದು. ಆದ್ದರಿಂದ ಕೆಳಗೆ ಕಂಡ ನಿಯಮಗಳನ್ನು ತಪ್ಪದೆ ಅನುಸರಿಸಬೇಕು:

(ಅ) ಗ್ರಾಮಸಭೆಯಲ್ಲಿ ಆರಿಸಿದ ಏಳು ಅಥವಾ ಒಂಬತ್ತು ಮಂದಿಯ ಸಮಿತಿ. ಅದರಲ್ಲಿ ತುದಿ ಗದ್ದೆಯವರು, ಭೂಮಿಯಿಲ್ಲದವರು, ಹೆಂಗಸರು ಇರಲೇಬೇಕು. ನೀರು ಹೊರುವವರು ಹೆಂಗಸರಾದ್ದರಿಂದ ಕೊರತೆಯನ್ನು ಮೊದಲು ಅರಿಯುವವರೂ ಅವರೇ.
(ಆ) ಹಣವು ಬ್ಯಾಂಕಿನಲ್ಲಿ ಅಥವಾ ಸಹಕಾರ ಸಂಘದಲ್ಲಿ ಕೂಡುಖಾತೆಯಲ್ಲಿರಬೇಕು. ಮೂವರ ರುಜುವಿಲ್ಲದೆ ತೆಗೆಯಕೂಡದು. ಯಾರ ಮನೆಯ ಪೆಟ್ಟಿಗೆಯಲ್ಲಿಯೂ ಇಡತಕ್ಕದ್ದಲ್ಲ.
(ಇ) ಐದು ರೂಪಾಯಿಗೂ ರಸೀತಿ.
(ಈ) ಕೊಟ್ಟವರ, ಕೊಡದವರ ಪಟ್ಟಿಯನ್ನೂ ಖರ್ಚಿನ ವಿವರವನ್ನೂ ತಿಂಗಳಿಗೊಮ್ಮೆ ಚಾವಡಿಯ ಗೋಡೆಯ ಮೇಲೆ ಬರೆಯಿಸಿ, ಓದುಬಾರದವರಿಗಾಗಿ ಸಭೆಯಲ್ಲಿ ಓದಿ ಹೇಳಬೇಕು.
(ಉ) ಸಮಿತಿಯವರಾಗಲಿ ಅವರ ನಂಟರಾಗಲಿ ಕೆಲಸದ ಗುತ್ತಿಗೆಯನ್ನು ಹಿಡಿಯಕೂಡದು.
(ಊ) ಮುಖಂಡರು ತಮ್ಮ ಪಾಲನ್ನು ಎಲ್ಲರಿಗಿಂತ ಮೊದಲು ಕಟ್ಟತಕ್ಕದ್ದು. ಇದೊಂದು ನಡೆದರೆ ಉಳಿದದ್ದು ಸುಲಭವಾಗುವುದು.

೧೦. ನಿರ್ವಹಣೆಯ ನಿಧಿ

ಜೀರ್ಣೋದ್ಧಾರಕ್ಕೆ ಹಣ ಸಿಗುವುದು ಸುಲಭ. ವರ್ಷ ವರ್ಷದ ಸಣ್ಣ ಖರ್ಚಿಗೆ ಸಿಗುವುದು ಕಷ್ಟ. ಏರಿಯ ಮೇಲಿನ ಒಂದು ಗಿಡವನ್ನು ಕೀಳದ್ದರಿಂದ ಅದರ ಬೇರಿನ ದಾರಿಯಲ್ಲಿ ನೀರು ನುಗ್ಗಿ ಏರಿಯೇ ಒಡೆಯಬಹುದು. ಆದ್ದರಿಂದ ಒಟ್ಟು ಖರ್ಚಿನ ಇಪ್ಪತ್ತನೆಯ ಒಂದು ಭಾಗವನ್ನು ಪ್ರತಿ ವರ್ಷವೂ ಕೂಡಿಸಬೇಕು. ಮೇಲಿನ ದೃಷ್ಟಾಂತದಲ್ಲಿ ಇದು ೬೦,೦೦೦ ರೂಪಾಯಿ: ಎಕರೆಗೆ ೨೦೦ರಂತೆ ೧೨,೦೦೦, ಬಾವಿಗೆ ೫೦೦ರಂತೆ ೨೦,೦೦೦, ಮನೆಗೆ ೪೦ರಂತೆ ೮,೦೦೦, ಮೀನಿನ ಗುತ್ತಿಗೆಯಿಂದ ೨೦,೦೦೦. ಮೀನಿನ ಹಣವು ಯಾರಿಗೆ ಸೇರತಕ್ಕದ್ದೆಂಬುದನ್ನು ಪಂಚಾಯಿತಿಯಲ್ಲಿಯೂ ಮೀನುಗಾರಿಕೆ ಇಲಾಖೆಯಲ್ಲಿಯೂ ವಿಚಾರಿಸಿ, ಒಂದು ಪಾಲನ್ನಾದರೂ ಕೆರೆಗೆ ಬಿಡಿಸಿಕೊಳ್ಳಲು ಪ್ರಯತ್ನಿಸಬೇಕು. ಈ ನಿಧಿಯಿಂದ ನೀರುಗಂಟಿಯ ಸಂಬಳ, ಕಾಲುವೆಯ ಕೆರೆತ, ಜಾಲಿ ಕೀಳುವುದು, ತೂಬಿನ ದುರಸ್ತಿ ನಡೆಯತಕ್ಕದ್ದು. ದೇವರ ಉತ್ಸವಕ್ಕಾಗಲಿ ಸನ್ಮಾನಕ್ಕಾಗಲಿ ಇದರಲ್ಲಿ ಒಂದು ಕಾಸನ್ನೂ ಮುಟ್ಟಕೂಡದು.

೧೧. ಕೆಲವು ಆಕ್ಷೇಪಣೆಗಳಿಗೆ ಸಮಾಧಾನ

“ಕೆರೆ ಸರ್ಕಾರದ್ದು, ನಾವೇಕೆ ಕೊಡಬೇಕು?” ಕೆರೆ ಸರ್ಕಾರದ್ದೇ, ತೋಟ ಮಾತ್ರ ನಮ್ಮದು. ಕೆರೆ ಬತ್ತಿದರೆ ಸರ್ಕಾರದ ತೋಟ ಒಣಗುವುದಿಲ್ಲ.

“ಹಣ ಕೊಟ್ಟ ಮೇಲೆ ಮಳೆ ಬಾರದಿದ್ದರೆ?” ಮಳೆಯನ್ನು ಯಾರೂ ತರಿಸಲಾರರು. ಬಂದ ಒಂದು ಮಳೆಯನ್ನು ಹಿಡಿದಿಡುವುದು ನಮ್ಮ ಕೈಯಲ್ಲಿದೆ. ಮಳೆ ಕಡಮೆಯಾದಷ್ಟೂ ಕೆರೆಯ ಅವಶ್ಯಕತೆ ಹೆಚ್ಚು.

“ಆ ಹಣದಲ್ಲಿ ನಾನು ಇನ್ನೊಂದು ಕೊಳವೆ ಬಾವಿ ತೋಡಿಸಬಹುದಲ್ಲಾ?” ತೋಡಿಸಬಹುದು. ನೆರೆಯವನೂ ತೋಡಿಸುವನು. ಒಂದೇ ಗುಡಾಣಕ್ಕೆ ಎರಡು ಕೊಳವೆ ಹಾಕಿದರೆ ನೀರು ಹೆಚ್ಚುವುದಿಲ್ಲ, ಬೇಗ ಮುಗಿಯುವುದು. ಬಾವಿಗೆ ಹಾಕುವ ಹಣದಲ್ಲಿ ಸಣ್ಣದೊಂದು ಭಾಗವು ಕೆರೆಗೆ ಬಂದರೆ ಇರುವ ಬಾವಿಯೇ ಉಳಿಯುವುದು.

೧೨. ಸಾರಾಂಶ

ಮೊದಲು ಹದ್ದುಬಸ್ತು, ಮಹಜರು, ಅಂದಾಜು. ನೀರಿನ ದಾರಿ ತೆರೆದ ಮೇಲೆ ಹೂಳು. ಹಳೆಯ ಅಚ್ಚುಕಟ್ಟಿನ ಪಟ್ಟಿಯೊಂದೇ ಸಾಲದು; ಕೊಳವೆ ಬಾವಿಯವರೂ ಪಾಲುದಾರರು. ಬಡವರಿಂದ ಬಿಟ್ಟಿ ಕೂಡದು, ಕುಡಿಯುವ ನೀರಿಗೆ ತಡೆ ಕೂಡದು. ಮುಖಂಡರ ಪಾಲು ಮೊದಲು, ಲೆಕ್ಕವು ಗೋಡೆಯ ಮೇಲೆ. ಪ್ರತಿ ವರ್ಷ ನಿರ್ವಹಣೆಯ ನಿಧಿ.

ಈ ಬೇಸಗೆಯಲ್ಲಿ ಕೆರೆ ಒಣಗಿರುವಾಗಲೇ ಗ್ರಾಮಸಭೆಯನ್ನು ಕೂಡಿಸಿ, ಅಳತೆಯ ಕೆಲಸವನ್ನಾದರೂ ಮುಗಿಸಿಕೊಳ್ಳತಕ್ಕದ್ದು.